ಸ್ಪ್ರೇಗೆ 1,800, ಜೆಲ್‌ಗೆ 300: ನಮ್ಮ ಮನೆಯ ಜಿರಳೆ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಜಿರಳೆಗೆ ನಾನು ಜೆಲ್ ಪಾರ್ಟಿ, ಅಂದರೆ ಸಂದಿಯಲ್ಲಿ ಚುಕ್ಕೆ ಹಾಕುವ ಔಷಧಿ. ಇರುವೆಗೆ ಬೋರಿಕ್ ಪುಡಿ. ಸ್ಪ್ರೇ ಹೊಡೆಯಲು ಪಂಪ್ ಹೊತ್ತು ಬರುವವರನ್ನು ಜಿರಳೆಗಾಗಿ ಇನ್ನು ಗೇಟಿನೊಳಗೆ ಬಿಡುವುದಿಲ್ಲ.

ನಮ್ಮ ಮನೆ ಬೆಳಗಾವಿಯ ವಡಗಾವಿ ಕಡೆ. ಮಳೆಗಾಲ ಹತ್ತಿರ ಬಂತೆಂದರೆ ಗಟಾರದಿಂದ ಜಿರಳೆ ಮೇಲೆ ಬರುತ್ತವೆ. ಹೋದ ವರ್ಷ ಬೇಸರ ಬಂದು ವರ್ಷಕ್ಕೆ ಮೂರು ಸಲ ಹೊಡೆಯುವ ಕಾಂಟ್ರ್ಯಾಕ್ಟ್ ಕೊಟ್ಟೆ, 1,800 ರೂಪಾಯಿ. ಜೂನ್‌ನಲ್ಲಿ ಬಂದ ಹುಡುಗ ಅಡುಗೆಮನೆ, ಬಚ್ಚಲು ಮುಗಿಸಿ, ಮನೆ ಸುತ್ತಲಿನ ಕಾಂಕ್ರೀಟು, ಕಾಂಪೌಂಡ್ ಗೋಡೆಯ ಬುಡ ಎಲ್ಲವನ್ನೂ ತೋಯಿಸಿದ. ಮೋಡ ಕಟ್ಟಿತ್ತು. "ಮಳಿ ಬಂದ್ರ?" ಅಂದೆ. "ಏನ್ ಆಗೂದಿಲ್ರಿ ಸರ್" ಅಂದ. ಹೋಗುವಾಗ ಪಂಪನ್ನು ನಮ್ಮ ನಲ್ಲಿ ಕೆಳಗೇ ತೊಳೆದ. ಹಾಲಿನಂಥ ಬಿಳಿ ನೀರು ಸೀದಾ ಗಟಾರಕ್ಕೆ ಹೋಯಿತು. ಒಂದು ತಾಸಿನೊಳಗೆ ಮಳೆ ಬಂತು.

ಹಿತ್ತಲಲ್ಲಿ ನೆಲಕ್ಕೆ ಸಮ ಹೂತಿಟ್ಟ ಸಣ್ಣ ಸಿಮೆಂಟ್ ತೊಟ್ಟಿ ಇದೆ. ಸೊಳ್ಳೆ ಮರಿ ತಿನ್ನಲಿ ಅಂತ ಅದರಲ್ಲಿ ಗಪ್ಪಿ ಮೀನು ಬಿಟ್ಟಿದ್ದೆ. ಕಾಂಕ್ರೀಟಿನ ಮೇಲಿಂದ ಇಳಿದ ಮಳೆ ನೀರು ಅದರೊಳಗೂ ಹೋಗಿದೆ. ಬೆಳಿಗ್ಗೆ ನೋಡಿದರೆ ಹನ್ನೊಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದ ಎರಡು ವಾಲಿಕೊಂಡು ಸುತ್ತುತ್ತಿದ್ದವು, ಮಧ್ಯಾಹ್ನಕ್ಕೆ ಅವೂ ಹೋದವು.

ಹುಡುಗ ಬಿಟ್ಟುಹೋದ ಬಾಟಲಿ ಮೇಲೆ ಸೈಪರ್‌ಮೆಥ್ರಿನ್ ಅಂತ ಇತ್ತು. ಆಮೇಲೆ ಓದಿ ತಿಳಿದದ್ದು, ಈ ಜಾತಿಯ ಔಷಧಿಗಳನ್ನು (ಪೈರೆಥ್ರಾಯ್ಡ್ ಅನ್ನುತ್ತಾರೆ) ನಮ್ಮ ದೇಹ ಬೇಗ ಒಡೆದು ಹೊರಗೆ ಹಾಕುತ್ತದೆ, ಮೀನಿಗೆ ಅಷ್ಟು ಬೇಗ ಆಗುವುದಿಲ್ಲ. ಕೆಲವು ಜಾತಿಯ ಮೀನುಗಳಿಗೆ ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ ಎರಡು-ಮೂರು ಪಾಲು ಇದ್ದರೆ ಸಾಯಲು ಸಾಕು. ಮಣ್ಣಿಗೆ ಹೊಡೆದರೆ ಅಲ್ಲೇ ಅಂಟಿಕೊಳ್ಳುತ್ತದೆ, ಕಾಂಕ್ರೀಟಿಗೆ ಹೊಡೆದರೆ ಮಳೆ ತೊಳೆದುಕೊಂಡು ಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಳ್ಳಗಳಲ್ಲಿ ಇದು ಸಿಕ್ಕಿತು ಅಂತಲೇ 2012ರಲ್ಲಿ ನಿಯಮ ಬಿಗಿ ಮಾಡಿದರು. ಅಲ್ಲಿ ಮಳೆ ಬರುವಾಗ ಮನೆ ಹೊರಗೆ ಹೊಡೆಯುವಂತಿಲ್ಲ.

ಗಟಾರದ ನೀರು ಎಲ್ಲೋ ಶುದ್ಧ ಆಗಿ ಹೋಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಮಳೆ ನೀರಿಗೆ ಅದೇನೂ ಇಲ್ಲ. ನಮ್ಮ ಕಡೆಯದು ಬೆಳಗಾವಿಯ ಬಳ್ಳಾರಿ ನಾಲಾ ಅನ್ನುವ ಹಳ್ಳ ಸೇರುತ್ತದೆ, ಅಲ್ಲಿಂದ ಮಾರ್ಕಂಡೇಯ, ಘಟಪ್ರಭಾ, ಕೃಷ್ಣಾ ನದಿಗಳಿಗೆ. ಮಳೆ ಜಾಸ್ತಿಯಾದರೆ ನಾಲಾ ಉಕ್ಕಿ ವಡಗಾವಿ, ಯಳ್ಳೂರು ಕಡೆಯ ಭತ್ತದ ಗದ್ದೆಗೇ ನುಗ್ಗುತ್ತದೆ. ನಾವು ಉಣ್ಣುವ ಅಕ್ಕಿ ಅದು!

ಇಷ್ಟಾಗಿ ಸ್ಪ್ರೇಯಿಂದ ಜಿರಳೆ ಕಡಿಮೆ ಆದವಾ? ಹದಿನೈದು ದಿನ ಆದವು. ಆಮೇಲೆ ಮತ್ತೆ ಬಂದವು.

ಈಗ ಜೆಲ್ ವಿಷಯ. ಸಿರಿಂಜಿನಂಥ ಟ್ಯೂಬ್, ಸುಮಾರು 300 ರೂಪಾಯಿ. ನಾನು ತಂದದ್ದರಲ್ಲಿ ಫಿಪ್ರೊನಿಲ್ 0.05%. ಇದೇ ಔಷಧಿಯನ್ನು ಹೊರಗೆ ಸಿಂಪಡಿಸಿದರೆ ಮೀನಿಗೂ ಜೇನುಹುಳಕ್ಕೂ ಕೆಟ್ಟದ್ದೇ, ಆದರೆ ಇಲ್ಲಿ ಹಾಕುವುದು ಸಾಸಿವೆ ಕಾಳಿನಷ್ಟು ಚುಕ್ಕೆ, ಅದೂ ಒಳಗೆ, ಸಂದಿಯಲ್ಲಿ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದನ್ನೂ ಅದರ ಹಿಕ್ಕೆಯನ್ನೂ ತಿಂದ ಉಳಿದವೂ ಸಾಯುತ್ತವೆ.

ಹೀಗಂತ ಓದಿ ಖುಷಿಯಿಂದ ಹಾಕಿದೆ. ಹತ್ತು ದಿನ ಏನೂ ಆಗಲಿಲ್ಲ. ಮೋಸ ಹೋದೆ ಅಂದುಕೊಂಡು ರಾತ್ರಿ ಮೊಬೈಲ್ ಬೆಳಕು ಹಿಡಿದು ನೋಡಿದರೆ ಚುಕ್ಕೆಗಳೇ ಇಲ್ಲ. ಜಿರಳೆ ತಿಂದಿಲ್ಲ, ಅವ್ವ ಒರೆಸಿದ್ದಾಳೆ. ದಿನಾ ಬೆಳಿಗ್ಗೆ ಸಾಬೂನು ನೀರು ಹಾಕಿ ಕಟ್ಟೆ ತಿಕ್ಕುವಾಗ ಆ ಕಂದು ಚುಕ್ಕೆ ಕಂಡಿದ್ದೇ ತಡ, "ಏನಿದು ಹೊಲಸ" ಅಂತ ತೆಗೆದಿದ್ದಾಳೆ. ಔಷಧಿ ಅಂತ ಹೇಳಿದೆ. ಸರಿ ಅಂದಳು. ಎರಡನೇ ಸಲ ಹಾಕಿದೆ. ಈ ಸಲ ಚುಕ್ಕೆ ಇದ್ದವು, ಆದರೆ ಒಂದೂ ಜಿರಳೆ ಮುಟ್ಟಿರಲಿಲ್ಲ! ಯಾಕಂದರೆ ಅವ್ವ ಚುಕ್ಕೆ ಬಿಟ್ಟು ಅದರ ಸುತ್ತ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು, ಜೊತೆಗೆ ಕಂಡ ಜಿರಳೆಗೆ ಅಲ್ಲೇ ಡಬ್ಬಿ ಸ್ಪ್ರೇ ಹೊಡೆಯುತ್ತಿದ್ದಳು. ಆ ವಾಸನೆಗೆ ಜಿರಳೆ ಜೆಲ್ ಹತ್ತಿರ ಬರುವುದೇ ಇಲ್ಲ. ಇದನ್ನು ಹೇಳಿದರೆ "ಮತ್ತ ಅಡಗಿಮನಿ ಹೊಲಸ ಬಿಟ್ಟು ಕುಂದರ್ಲೇನು?" ಅಂತ ಜಗಳ.

ಕೊನೆಗೆ ರಾಜಿಯಾಯಿತು. ಒರೆಸುವ ಕಟ್ಟೆ ಅವ್ವನದು. ಕಪಾಟಿನ ಕೀಲು, ಸಿಂಕಿನ ಕೆಳಗೆ ಪೈಪ್ ಹೋಗುವ ತೂತು, ಫ್ರಿಜ್ ಹಿಂದೆ, ಸಿಲಿಂಡರ್ ಮೂಲೆ ನನ್ನದು. ಅಲ್ಲಿ ಫಿನಾಯಿಲೂ ಇಲ್ಲ, ಸ್ಪ್ರೇನೂ ಇಲ್ಲ. ರಾತ್ರಿ ಮುಸುರೆ ಪಾತ್ರೆ ಸಿಂಕಿನಲ್ಲಿ ಬಿಡಬಾರದು, ಬಿಟ್ಟರೆ ಅನ್ನ ಸಿಗುವಾಗ ಜೆಲ್ ಯಾರು ತಿನ್ನುತ್ತಾರೆ? ಪಾತ್ರೆ ನಾನೇ ತೊಳೆಯಬೇಕು ಅನ್ನುವುದು ರಾಜಿಯ ಇನ್ನೊಂದು ಕಲಮು. ಮೂರು ವಾರಕ್ಕೆ ಬೆಳಿಗ್ಗೆ ಲೈಟ್ ಹಾಕಿದರೆ ಓಡುವವೇ ಇಲ್ಲ.

ಇರುವೆಗೆ ಬೋರಿಕ್ ಪುಡಿ, ಕೇರಂ ಬೋರ್ಡಿಗೆ ಹಾಕುತ್ತಾರಲ್ಲ, ಅದೇ. ಅರ್ಧ ಲೀಟರ್ ನೀರು, ಸುಮಾರು 50 ಗ್ರಾಂ ಸಕ್ಕರೆ, 5 ಗ್ರಾಂ ಪುಡಿ. ಜಾಸ್ತಿ ಹಾಕಿದರೆ ಬೇಗ ಕೆಲಸ ಆಗುತ್ತೆ ಅನ್ನುವುದು ತಪ್ಪು, ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತವೆ, ಇಲ್ಲವೇ ಮೂಸಿಯೂ ನೋಡುವುದಿಲ್ಲ. ಹತ್ತಿಯಲ್ಲಿ ಅದ್ದಿ ಮುಚ್ಚಳದಲ್ಲಿ ಇಟ್ಟೆ. ಮೊದಲ ದಿನ ಸಾಲು ಮೂರು ಪಟ್ಟು ಆಯಿತು, ಹೆದರಬೇಡಿ. ವಾರದೊಳಗೆ ಕುಂದಾ ಡಬ್ಬಿಗೆ ಮುತ್ತುವುದು ನಿಂತಿತು. ಇದೂ ವಿಷವೇ, ಮಕ್ಕಳ ಕೈಗೆ ಸಿಗಬಾರದು, ಗಿಡದ ಬುಡಕ್ಕೂ ಚೆಲ್ಲಬಾರದು.

ಜಿರಳೆ, ಇರುವೆಗೆ ಗೀಟು ಎಳೆಯುವ ಚಾಕ್‌ಪೀಸ್ ಕೂಡ ಬೇಡ: ಗೀಟು ಒರೆಸಿದ ನೀರು ಮತ್ತೆ ಅದೇ ಗಟಾರಕ್ಕೆ, ಒಳಗಿರುವುದೂ ಅದೇ ಜಾತಿಯ ಔಷಧಿ. ದಾಸವಾಳದ ಬಿಳಿ ಹುಳಕ್ಕೆ ಬೇವಿನೆಣ್ಣೆ, ಎರಡು ಹನಿ ಸಾಬೂನು ಸೇರಿಸಿ ಸಂಜೆ ಹೊಡೆಯಿರಿ. ವಾಸನೆ ತಡೆದುಕೊಳ್ಳಬೇಕು, ಅಷ್ಟೇ.

ಗೆದ್ದಲು ಬಂದರೆ ಮಾತ್ರ ನಾನೂ ಆಳನ್ನೇ ಕರೆಯುತ್ತೇನೆ. ಆದರೆ ಚಳಿಗಾಲದಲ್ಲಿ, ನೆಲಕ್ಕೆ ರಂಧ್ರ ಕೊರೆದು ಹಾಕಿಸಿ, ಪಂಪ್ ನಮ್ಮ ನಲ್ಲಿ ಕೆಳಗೆ ತೊಳೆಯಬಾರದು ಅಂತ ಮೊದಲೇ ಹೇಳಿ.

ಎರಡೇ ಕೋಣೆ ಮನೆ, ತಿಂಗಳಿಗೊಮ್ಮೆ ಚುಕ್ಕೆ ಹಾಕುವಷ್ಟು ತಾಳ್ಮೆ ನನಗಿದೆ. ಹಾಗಾಗಿ ಟ್ಯೂಬ್ ಸಾಕಾಯಿತು. ಇನ್ನೂ ಅರ್ಧ ಉಳಿದಿದೆ, ಅವ್ವನ ಕೈಗೆ ಸಿಗದ ಹಾಗೆ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ತೊಟ್ಟಿಯ ನೀರು ಬದಲಿಸಿ ಹೊಸ ಗಪ್ಪಿ ಬಿಟ್ಟಿದ್ದೇನೆ, ಮರಿ ಹಾಕಿವೆ.