ಆನ್‌ಲೈನ್ ಓಪನ್ ಮೈಕ್‌ನಲ್ಲಿ ಮನೆಯ ವಿಷಯ ಓದುವ ಮೊದಲು ಇದೊಂದನ್ನು ಕೇಳಿ

ಆನ್‌ಲೈನ್ ಓಪನ್ ಮೈಕ್‌ಗಳಲ್ಲಿ, ಅಂದರೆ ಯಾರು ಬೇಕಾದರೂ ಹೆಸರು ಕೊಟ್ಟು ತಮ್ಮ ಬರಹ ಓದುವ ಕಾರ್ಯಕ್ರಮಗಳಲ್ಲಿ, ಕವಿತೆ ಓದುವವರಿಗೆ, ಅದರಲ್ಲೂ ಮನೆಯ ವಿಷಯ, ತಮ್ಮದೇ ನೋವು ಬರೆದು ಓದುವವರಿಗೆ ಈ ಬರಹ. ನೀವು ಓದಿದ್ದು ರೆಕಾರ್ಡ್ ಆಗುತ್ತದಾ, ರೆಕಾರ್ಡ್ ಆದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಕೇಳಿ. ಫೋನಿನಲ್ಲಿ ಅಲ್ಲ, ಮೆಸೇಜಿನಲ್ಲಿ ಕೇಳಿ. ಉತ್ತರ ಬರದಿದ್ದರೆ ಓದಬೇಡಿ.

ನನಗೆ ಆಗಿದ್ದು ಹೇಳುತ್ತೇನೆ. ವಾಟ್ಸಾಪ್‌ನ ಸಾಹಿತ್ಯ ಗುಂಪೊಂದರಲ್ಲಿ ಪೋಸ್ಟರ್ ಬಂದಿತ್ತು. ಭಾನುವಾರ ಸಂಜೆ ಜೂಮ್‌ನಲ್ಲಿ ಓಪನ್ ಮೈಕ್, ಒಬ್ಬೊಬ್ಬರಿಗೆ ಐದು ನಿಮಿಷ, ನೋಂದಣಿಗೆ 150 ರೂಪಾಯಿ, ಎಲ್ಲರಿಗೂ ಇ-ಪ್ರಮಾಣಪತ್ರ. "ಇದು ನಿಮ್ಮದೇ ಮನೆ, ಮನಸ್ಸು ಬಿಚ್ಚಿ ಓದಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. 2020ರ ಲಾಕ್‌ಡೌನ್ ಆದಮೇಲೆ ಇಂಥವು ತುಂಬಾ ಶುರುವಾದವು, ಅದರಲ್ಲಿ ಒಳ್ಳೆಯವೂ ಇವೆ. ಬೆಂಗಳೂರಿಗೆ ಹೋಗಿ ಯಾವುದೋ ಕೆಫೆಯಲ್ಲಿ ನಿಂತು ಓದಲು ಆಗದವರಿಗೆ, ಮಗುವನ್ನು ಮಲಗಿಸಿ ರೂಮಿನ ಬಾಗಿಲು ಹಾಕಿಕೊಂಡು ಓದುವ ಹೆಂಗಸರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಗೊತ್ತು. ಹಾಗಾಗಿ ಓಪನ್ ಮೈಕೇ ಬೇಡ ಅಂತ ನಾನು ಹೇಳುತ್ತಿಲ್ಲ.

ನಾನು ಓದಿದ್ದು ನನ್ನ ಅಕ್ಕನ ಬಗ್ಗೆ. ಅವಳು ಗಂಡನ ಮನೆ ಬಿಟ್ಟು ತವರಿಗೆ ಬಂದ ದಿನಗಳ ಬಗ್ಗೆ. ಓದುವ ಮೊದಲು ಅವಳಿಗೇ ತೋರಿಸಿದ್ದೆ. "ಹೆಸರು ಹೇಳ್ಬೇಡ, ಆ ಗುಂಪಿನವರ ಮುಂದೆ ಓದು, ಪರವಾಗಿಲ್ಲ" ಅಂದಿದ್ದಳು. ಕವಿತೆಯ ಮುಕ್ಕಾಲು ಭಾಗ ಅಳು, ಸಾಲ, ನೆರೆಹೊರೆಯವರ ಮಾತು. ಕೊನೆಯ ಭಾಗದಲ್ಲಿ ಅವಳು ಮತ್ತೆ ಕೆಲಸಕ್ಕೆ ಸೇರುತ್ತಾಳೆ, ಮೊದಲ ಸಂಬಳದಲ್ಲಿ ಮಗಳಿಗೆ ಸೈಕಲ್ ತರುತ್ತಾಳೆ. ಅಕ್ಕ ಒಪ್ಪಿದ್ದೇ ಆ ಕೊನೆಯ ಭಾಗಕ್ಕಾಗಿ.

ಕೆಲವೇ ದಿನಗಳಲ್ಲಿ ಅದರ ತುಣುಕು ಆಯೋಜಕರ ಯೂಟ್ಯೂಬ್ ಚಾನೆಲ್‌ನಲ್ಲಿತ್ತು. ನನ್ನ ಮುಖ, ನನ್ನ ಧ್ವನಿ, ನನ್ನ ಊರಿನ ಹೆಸರು. ಹಿಂದೆ ಒಂದು ಅಳುವ ಸಂಗೀತ. "ಗಂಡನ ಮನೆಯಿಂದ ಹೊರಬಿದ್ದ ಅಕ್ಕನ ಕಣ್ಣೀರ ಕಥೆ" ಅಂತ ಶೀರ್ಷಿಕೆ. ಅಳುವ ಸಾಲಿಗೇ ಕತ್ತರಿಸಿದ್ದರು. ಕೆಲಸ, ಸಂಬಳ, ಸೈಕಲ್ ಯಾವುದೂ ಇಲ್ಲ. ಹೆಸರು ಹೇಳದಿದ್ದರೇನು, ನನ್ನ ಮುಖ ನೋಡಿದರೆ ಅಕ್ಕ ಯಾರು ಅಂತ ನಮ್ಮ ಊರಲ್ಲಿ ಯಾರಿಗೆ ಗೊತ್ತಾಗಲ್ಲ? ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಅದು ಅವಳ ಗಂಡನ ಮನೆಯವರಿಗೂ ತಲುಪಿತು. ರಾಜಿ ಮಾತುಕತೆ ನಡೆಯುತ್ತಿದ್ದ ಹೊತ್ತು ಅದು. ಅವರು ಆ ವಿಡಿಯೋ ಹಿಡಿದುಕೊಂಡೇ ಮಾತಿಗೆ ಬಂದರು. ಅವತ್ತು ಅಕ್ಕ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ, ಅದೇ ನನಗೆ ಜಾಸ್ತಿ ಸಂಕಟವಾಯಿತು.

ಆಯೋಜಕರಿಗೆ ಫೋನ್ ಮಾಡಿದರೆ "ಮೇಡಂ, ಫಾರ್ಮ್‌ನಲ್ಲಿ ನೀವೇ ಒಪ್ಪಿಗೆ ಕೊಟ್ಟಿದ್ದೀರಿ" ಅಂದರು. ಆ ಗೂಗಲ್ ಫಾರ್ಮ್‌ನಲ್ಲಿ ಇದ್ದದ್ದು ಒಂದೇ ಸಾಲು: "ಎಲ್ಲಾ ನಿಯಮಗಳಿಗೆ ನನ್ನ ಒಪ್ಪಿಗೆ ಇದೆ." ನಿಯಮಗಳು ಎಲ್ಲೂ ಇರಲಿಲ್ಲ. ಆ ಸಂಜೆ ರೆಕಾರ್ಡ್ ಆಗುತ್ತಿದೆ ಅಂತಲೂ ಯಾರೂ ಹೇಳಲಿಲ್ಲ. ಜೂಮ್‌ನ ಸ್ವಂತ ರೆಕಾರ್ಡಿಂಗ್ ಶುರು ಮಾಡಿದರೆ ಎಲ್ಲರ ಪರದೆಯ ಮೇಲೆ ಸೂಚನೆ ಬರುತ್ತದೆ. ಬೇರೆ ಸ್ಕ್ರೀನ್ ರೆಕಾರ್ಡರ್ ಹಾಕಿಕೊಂಡರೆ ನಮಗೆ ಏನೂ ಗೊತ್ತಾಗಲ್ಲ. ಇದನ್ನು ದಯವಿಟ್ಟು ನೆನಪಿಡಿ, ಸೂಚನೆ ಬರಲಿಲ್ಲ ಅಂದರೆ ರೆಕಾರ್ಡ್ ಆಗುತ್ತಿಲ್ಲ ಅಂತ ಅರ್ಥ ಅಲ್ಲ.

ಆಮೇಲೆ ಇನ್ನೊಂದು ಮೆಸೇಜು ಬಂತು. ಅದೇ ಕವಿತೆ ಅವರ ಸಂಕಲನಕ್ಕೆ "ಆಯ್ಕೆ" ಆಗಿದೆಯಂತೆ, ನಾನು ಐದು ಪ್ರತಿ ಕೊಳ್ಳಬೇಕಂತೆ. ಕೊಳ್ಳದಿದ್ದರೂ ಕವಿತೆ ಅಚ್ಚಾಗುತ್ತದೆ ಅಂತ ಧಾರಾಳವಾಗಿ ಹೇಳಿದರು! ಕವಿತೆ ಯಾರದ್ದು ಅನ್ನುವ ಪ್ರಶ್ನೆಯೇ ಅವರಿಗೆ ಇರಲಿಲ್ಲ.

ಆಗ ಕೂತು ಕಾನೂನು ಓದಿದೆ. ನಿಮಗೂ ಬೇಕಾಗಬಹುದು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ನೀವು ಬರೆದ ಕವಿತೆ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಆ ಹಕ್ಕನ್ನು ಬೇರೆಯವರಿಗೆ ಕೊಡಬೇಕಾದರೆ ಲಿಖಿತವಾಗಿ, ಸಹಿ ಹಾಕಿ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. 57ನೇ ಸೆಕ್ಷನ್ ಇನ್ನೂ ಮುಖ್ಯ: ಹಕ್ಕು ಕೊಟ್ಟಮೇಲೂ ನಿಮ್ಮ ಕೃತಿಯನ್ನು ನಿಮ್ಮ ಮರ್ಯಾದೆಗೆ ಧಕ್ಕೆ ಬರುವ ಹಾಗೆ ತಿರುಚಿದರೆ, ಕತ್ತರಿಸಿದರೆ ಪ್ರಶ್ನಿಸಬಹುದು. ಓದಿದ್ದಕ್ಕೆ, ಅಂದರೆ ನಿಮ್ಮ ಪ್ರದರ್ಶನಕ್ಕೂ ಬೇರೆಯೇ ಹಕ್ಕಿದೆ, ಅದು 38ನೇ ಸೆಕ್ಷನ್. ಆದರೂ ಫಾರ್ಮ್‌ನ ಟಿಕ್ ಮಾರ್ಕನ್ನೇ ಲಿಖಿತ ಅನುಮತಿ ಅಂತ ವಾದ ಮಾಡುವವರು ಇರುತ್ತಾರೆ. ನಿಯಮ ಓದಲು ಸಿಗದ ಫಾರ್ಮ್‌ಗೆ ಟಿಕ್ ಹಾಕಬೇಡಿ, ಅಷ್ಟೇ.

ವಿಡಿಯೋ ಈಗಾಗಲೇ ಹೋಗಿಬಿಟ್ಟಿದ್ದರೆ, ಜಗಳಕ್ಕೆ ಮೊದಲು ಲಿಂಕ್, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಕೇಳಿದ ತಕ್ಷಣ ಶೀರ್ಷಿಕೆ ಬದಲಾಯಿಸಿಬಿಡುತ್ತಾರೆ, ನನಗೆ ಹಾಗೇ ಆಯಿತು. ಯೂಟ್ಯೂಬ್‌ನಲ್ಲಿ ಎರಡು ದಾರಿ ಇವೆ. ಕವಿತೆ ನನ್ನದು ಅಂತ ಕಾಪಿರೈಟ್ ದೂರು ಒಂದು, ನನ್ನ ಮುಖ-ಧ್ವನಿ ಒಪ್ಪಿಗೆ ಇಲ್ಲದೆ ಹಾಕಿದ್ದಾರೆ ಅಂತ ಪ್ರೈವೆಸಿ ದೂರು ಇನ್ನೊಂದು. ನನಗೆ ಕೆಲಸಕ್ಕೆ ಬಂದಿದ್ದು ಮೊದಲನೆಯದು. ಕಾವ್ಯನಾಮದಲ್ಲಿ ಬರೆಯುವವರು ಹುಷಾರು, ಕಾಪಿರೈಟ್ ದೂರಿನಲ್ಲಿ ಕೊಟ್ಟ ನಿಮ್ಮ ಹೆಸರು ವಿಡಿಯೋ ಹಾಕಿದವರಿಗೆ ಹೋಗಬಹುದು. ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಇಂಥ ಜಾಲತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರಿಗೂ ಬರೆಯಬಹುದು.

ಇನ್ನೊಂದು ನಷ್ಟದ ಬಗ್ಗೆ ಯಾರೂ ಹೇಳಲ್ಲ. ದೀಪಾವಳಿ ವಿಶೇಷಾಂಕದ ಕವನ ಸ್ಪರ್ಧೆಗಳ ನಿಯಮ ನೋಡಿದ್ದೀರಲ್ವಾ? ಎಲ್ಲೂ ಪ್ರಕಟವಾಗಿರಬಾರದು, ಬ್ಲಾಗು, ಜಾಲತಾಣಗಳಲ್ಲೂ ಬಂದಿರಬಾರದು ಅಂತ ಎಷ್ಟೋ ಕಡೆ ಇರುತ್ತದೆ. ನಾನು ಆ ಕವಿತೆಯನ್ನು ಅಂಥ ಕಡೆ ಕಳಿಸಬೇಕು ಅಂದುಕೊಂಡಿದ್ದೆ. ಈಗ ಆಗಲ್ಲ. ಹೊಸ ಬರಹಗಾರರು ತಮ್ಮ ಅತ್ಯುತ್ತಮ ಕವಿತೆಯನ್ನೇ ಮೊದಲ ಓಪನ್ ಮೈಕ್‌ಗೆ ತರುತ್ತಾರೆ, ಅದೇ ನನಗೆ ಭಯ.

ನೋಂದಣಿಗೆ ಮೊದಲು ಕಳಿಸಲು ಇಷ್ಟು ಸಾಕು, ಬೇಕಾದರೆ ನಕಲು ಮಾಡಿಕೊಳ್ಳಿ: "ನಮಸ್ಕಾರ. ನಾನು ಓದುವುದನ್ನು ರೆಕಾರ್ಡ್ ಮಾಡುತ್ತೀರಾ? ಮಾಡಿದರೆ ಎಲ್ಲಿ ಹಾಕುತ್ತೀರಿ? ನನ್ನ ಲಿಖಿತ ಒಪ್ಪಿಗೆ ಇಲ್ಲದೆ ವಿಡಿಯೋ, ತುಣುಕು, ಪುಸ್ತಕ ಯಾವುದಕ್ಕೂ ಬಳಸಬಾರದು. ಇದಕ್ಕೆ ನಿಮ್ಮ ಒಪ್ಪಿಗೆ ಇದ್ದರೆ ತಿಳಿಸಿ, ಆಮೇಲೆ ಹಣ ಕಟ್ಟುತ್ತೇನೆ." ಒಳ್ಳೆಯ ಆಯೋಜಕರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ಈಗ ನಾನು ಹೋಗುವ ಗೋಷ್ಠಿಯಲ್ಲಿ ಇದನ್ನು ಅವರೇ ಮೊದಲು ಹೇಳುತ್ತಾರೆ, ಬೇಡ ಅಂದವರ ಸರದಿ ಬಂದಾಗ ರೆಕಾರ್ಡಿಂಗ್ ನಿಲ್ಲಿಸುತ್ತಾರೆ.

ಸಂಕಲನದ ವಿಷಯ ಇನ್ನೂ ಮುಗಿದಿಲ್ಲ. ಕವಿತೆ ತೆಗೆಯಿರಿ ಅಂತ ಬರೆದ ಇಮೇಲ್‌ಗೆ ಉತ್ತರ ಬಂದಿಲ್ಲ, ಮುಂದಿನದು ವಕೀಲರ ನೋಟಿಸ್. ನಿಮ್ಮ ಕವಿತೆಯೂ ಹೀಗೇ ಕೇಳದೆ "ಆಯ್ಕೆ" ಆಗಿದ್ದರೆ ನನಗೆ ಬರೆಯಿರಿ, ಒಟ್ಟಿಗೇ ಕಳಿಸೋಣ.