ಗೇಟಿರುವ ಬಂದರೋ, ಸದಾ ತೆರೆದ ಬಂದರೋ? ಉತ್ತರ ಬ್ರಿಟನಿಯಲ್ಲಿ ಹಾಯಿದೋಣಿಯ ಎರಡು ಯೋಜನೆ

ಫ್ರಾನ್ಸಿನ ಉತ್ತರ ಬ್ರಿಟನಿ ಕರಾವಳಿಯಲ್ಲಿ ಸ್ಯಾಂ-ಮಾಲೋದಿಂದ ಬ್ರೆಸ್ಟ್ ಬಳಿಯ ಕಾಮಾರೆವರೆಗೆ ಹಾಯಿದೋಣಿಯಲ್ಲಿ ಹೋಗುವವರು ಮೊದಲು ತೀರ್ಮಾನಿಸಬೇಕಾದದ್ದು ರಾತ್ರಿ ಎಲ್ಲೆಲ್ಲಿ ತಂಗುವುದು ಎಂಬುದನ್ನು. ಇಲ್ಲಿನ ಕೆಲವು ಬಂದರುಗಳು ಯಾವ ಹೊತ್ತಿಗೆ ಹೋದರೂ ಒಳಗೆ ಬಿಟ್ಟುಕೊಳ್ಳುತ್ತವೆ. ಉಳಿದವು ಉಬ್ಬರದ ಹೊತ್ತಿಗೆ ಗೇಟು ತೆರೆದು, ಒಳಗಿನ ನೀರು ಹಿಡಿದಿಟ್ಟುಕೊಳ್ಳಲು ಅದು ಇಳಿಯುವ ಮೊದಲೇ ಮುಚ್ಚುತ್ತವೆ. ನಾನೂ ನನ್ನ ಹೆಂಡತಿಯೂ ಒಂದು ಬೇಸಿಗೆ ಸದಾ ತೆರೆದ ಬಂದರುಗಳನ್ನೇ ಹಿಡಿದು ಹೋದೆವು, ಇನ್ನೊಂದು ಬೇಸಿಗೆ ಗೇಟಿನ ಬಂದರುಗಳನ್ನು. ದೋಣಿ ಎರಡೂ ಸಲ ಅದೇ: 32 ಅಡಿ ಉದ್ದ, ಗಂಟೆಗೆ ಸುಮಾರು ಐದು ನಾಟಿಕಲ್ ಮೈಲಿ ವೇಗ.

ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಎರಡು ಮೀಟರನ್ನೂ ಮುಟ್ಟುವುದಿಲ್ಲ. ಸ್ಯಾಂ-ಮಾಲೋದಲ್ಲಿ ದೊಡ್ಡ ಉಬ್ಬರದ ದಿನ ಅದು 12 ಮೀಟರ್ ದಾಟುತ್ತದೆ. ಅಷ್ಟು ನೀರು ಆರು ಗಂಟೆ ಒಂದು ದಿಕ್ಕಿಗೆ ಹರಿದು, ಮತ್ತೆ ಆರು ಗಂಟೆ ಹಿಂದಕ್ಕೆ ಹರಿಯುತ್ತದೆ. ನಮ್ಮಂಥ ದೋಣಿ ಈ ಸೆಳೆತದ ಎದುರು ಹೋಗುವ ಮಾತೇ ಇಲ್ಲ.

ಮೊದಲನೆಯ ಯೋಜನೆಯ ತಂಗುದಾಣಗಳು ಸ್ಯಾಂ-ಕೇ-ಪೋರ್ತ್ರಿಯೂ, ತ್ರಿಯೂ ನದಿಯೊಳಗಿನ ಲೆಜಾರ್ದ್ರಿಯೂ, ರೋಸ್ಕಾಫಿನ ಬ್ಲೊಸ್ಕೋಂ ಮರೀನಾ, ಲಾಬೆರ್-ವ್ರಾಕ್, ಕೊನೆಗೆ ಕಾಮಾರೆ. ಸೆಳೆತ ಪಶ್ಚಿಮಕ್ಕೆ ತಿರುಗಿದ ಗಳಿಗೆಯಲ್ಲೇ ಹಗ್ಗ ಬಿಚ್ಚಬಹುದು, ಯಾರನ್ನೂ ಕಾಯಬೇಕಿಲ್ಲ. ಗಾಳಿ ಕೆಟ್ಟರೆ ಎಷ್ಟು ಹೊತ್ತಿಗಾದರೂ ಮುಂದಿನ ಬಂದರಿಗೆ ನುಗ್ಗಬಹುದು. ಇಬ್ಬರೇ ಇರುವ ದೋಣಿಗೆ ಈ ಧೈರ್ಯ ಬಹಳ ದೊಡ್ಡದು. ಆದರೆ ಹಂತಗಳು ಉದ್ದ. ಲೆಜಾರ್ದ್ರಿಯೂದಿಂದ ರೋಸ್ಕಾಫಿಗೆ 40 ನಾಟಿಕಲ್ ಮೈಲಿ ಮೀರುತ್ತದೆ, ನೈಋತ್ಯದ ಗಾಳಿ ಮುಖಕ್ಕೇ ಬೀಸುತ್ತಿದ್ದರೆ ನೇರ ಹೋಗಲಾಗದೆ ಅತ್ತಿತ್ತ ಓರೆಯಾಗಿ ಸಾಗಿ ಅದೇ 60 ಆಗುತ್ತದೆ. ಬ್ಲೊಸ್ಕೋಂ ಸದಾ ತೆರೆದಿರುವುದು ನಿಜ, ಆದರೆ ದೋಣಿ ಕಟ್ಟುವ ತೇಲುವ ಕಟ್ಟೆಗಳ (ಪಾಂಟೂನು) ನಡುವೆಯೇ ಸೆಳೆತ ಹರಿಯುತ್ತದೆ. ಒಳಗೆ ಹೋಗಲು ಸಾಧ್ಯ ಎಂಬುದಕ್ಕೂ ಸುಲಭ ಎಂಬುದಕ್ಕೂ ವ್ಯತ್ಯಾಸವಿದೆ. ನೀರು ನಿಂತ ಹೊತ್ತು ನೋಡಿಕೊಂಡೇ ನಾವು ಅಲ್ಲಿ ಕಟ್ಟುತ್ತಿದ್ದೆವು. ಊರಿಂದ ಸ್ವಲ್ಪ ದೂರವೂ ಹೌದು, ಪಕ್ಕದಲ್ಲೇ ಫೆರಿ ನಿಲ್ಲುವ ಜಾಗ.

ಎರಡನೆಯ ಯೋಜನೆ ಪ್ಯಾಂಪೋಲ್, ಪೆರೋಸ್-ಗಿರೆಕ್, ಮೊರ್ಲೆ. ಸೊಗಸಿಗೆ ಇವಕ್ಕೆ ಸಾಟಿಯಿಲ್ಲ. ಪ್ಯಾಂಪೋಲಿನಲ್ಲಿ ದೋಣಿ ಊರಿನ ಎದೆಯಲ್ಲೇ ನಿಲ್ಲುತ್ತದೆ. ಒಂದು ಕಾಲಕ್ಕೆ ಇಲ್ಲಿಂದ ಬೆಸ್ತರು ಕಾಡ್ ಮೀನಿಗಾಗಿ ಐಸ್‌ಲ್ಯಾಂಡಿನವರೆಗೆ ಹೋಗುತ್ತಿದ್ದರು, ಹೋದವರಲ್ಲಿ ಹಲವರು ಮರಳಲಿಲ್ಲ. ಆ ಧಕ್ಕೆಯ ಮೇಲೆ ಸಂಜೆ ನಡೆಯುವಾಗ ಅದು ನೆನಪಾಗದೆ ಇರದು. ಗೇಟು ಮುಚ್ಚಿದ ಮೇಲೆ ಒಳಗಿನ ನೀರು ಅಲುಗುವುದಿಲ್ಲ, ನಿದ್ದೆ ಗಾಢ. ಹೊರಗೆ ಕೊಲ್ಲಿ ಪೂರ್ತಿ ಬತ್ತಿ ಕೆಸರಾಗಿರುತ್ತದೆ. ಪೇಚು ಇರುವುದೂ ಅಲ್ಲೇ: ಗೇಟು ತಪ್ಪಿದರೆ ಒಳಗೂ ಇಲ್ಲ, ದಡಕ್ಕೂ ಇಲ್ಲ. ನಾವು ಬ್ರೆಆ ದ್ವೀಪದ ದಕ್ಷಿಣಕ್ಕೆ ಲಂಗರು ಹಾಕಿ ಕಾಯುತ್ತಿದ್ದೆವು.

ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ನೀವು ಹೊರಡುವ ದಿನ ಯಾವ ತಿಥಿ? ಫ್ರೆಂಚರು ಉಬ್ಬರದ ಬಲವನ್ನು 20ರಿಂದ 120ರವರೆಗಿನ ಒಂದು ಗುಣಾಂಕದಲ್ಲಿ ಹೇಳುತ್ತಾರೆ. 95 ಎಂದರೆ ಸಾಮಾನ್ಯ ದೊಡ್ಡ ಉಬ್ಬರ, 45 ಎಂದರೆ ಸಾಮಾನ್ಯ ಸಣ್ಣ ಉಬ್ಬರ. ಪ್ರತಿ ಬಂದರಿನ ಕಚೇರಿಯಲ್ಲೂ ಪಟ್ಟಿ ಸಿಗುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಬಿದಿಗೆ-ತದಿಗೆಯ ಹೊತ್ತಿಗೆ ಗುಣಾಂಕ ಏರಿರುತ್ತದೆ. ಅಷ್ಟಮಿ ದಾಟಿ ನವಮಿ-ದಶಮಿಗೆ ಅದು ತಳ ಕಾಣುತ್ತದೆ. ಯೋಜನೆ ಹಾಕುವವರಿಗೆ ಇದಕ್ಕಿಂತ ಮುಖ್ಯವಾದದ್ದು ಗಡಿಯಾರ. ಸ್ಯಾಂ-ಮಾಲೋದಲ್ಲಿ ದೊಡ್ಡ ಉಬ್ಬರ ತುಂಬುವುದು ಬೇಸಿಗೆಯ ಗಡಿಯಾರದಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಸುಮಾರು ಎಂಟರ ಆಸುಪಾಸು. ಸಣ್ಣ ಉಬ್ಬರ ತುಂಬುವುದು ಮಧ್ಯಾಹ್ನ ಮತ್ತು ರಾತ್ರಿ ಸುಮಾರು ಎರಡರ ಆಚೀಚೆ. ಅಂದರೆ ತದಿಗೆಯ ಹೊತ್ತಿಗೆ ಗೇಟಿನ ಬಂದರಿನಿಂದ ಬೆಳಿಗ್ಗೆ ಹೊರಟು ಸಂಜೆ ಇನ್ನೊಂದರೊಳಗೆ ಹೋಗಬಹುದು, ಹಗಲೆಲ್ಲ ನಿಮ್ಮದೇ. ನವಮಿಯಂದು ಅದೇ ಬಂದರಿನಿಂದ ಮಧ್ಯಾಹ್ನ ಹೊರಬಿದ್ದರೆ ಮುಂದಿನ ಗೇಟು ತೆರೆಯುವುದು ಮಧ್ಯರಾತ್ರಿಯ ಮೇಲೆ. ಪೆರೋಸ್-ಗಿರೆಕ್‌ನಲ್ಲಂತೂ ಗುಣಾಂಕ ತೀರಾ ಇಳಿದ ದಿನಗಳಲ್ಲಿ ಗೇಟು ತೆರೆಯುವುದೇ ಇಲ್ಲ.

ಸದಾ ತೆರೆದ ಬಂದರುಗಳಿಗೆ ಲೆಕ್ಕ ತಿರುವುಮುರುವು. ಸಣ್ಣ ಉಬ್ಬರದ ದಿನಗಳಲ್ಲಿ ಮಧ್ಯಾಹ್ನ ಹೊರಟು ಜೂನಿನ ಉದ್ದ ಸಂಜೆಯಲ್ಲಿ ತಲುಪಿದರೂ ತೊಂದರೆಯಿಲ್ಲ. ಬೆಳಕು ಹತ್ತರವರೆಗೂ ಇರುತ್ತದೆ, ಸೆಳೆತವೂ ಸೌಮ್ಯ.

ರೋಸ್ಕಾಫ್ ದಾಟಿದ ಮೇಲೆ ಹೋಲಿಕೆಗೆ ಜಾಗವಿಲ್ಲ, ಎರಡೂ ಯೋಜನೆಗಳಿಗೆ ದಾರಿ ಒಂದೇ. 82.5 ಮೀಟರ್ ಎತ್ತರದ ವಿಯೆರ್ಜ್ ದ್ವೀಪದ ದೀಪಸ್ತಂಭವನ್ನು ಸುತ್ತಿಕೊಂಡು ಲಾಬೆರ್-ವ್ರಾಕ್, ಅಲ್ಲಿಂದ ವೆಸ್ಸಾಂ ದ್ವೀಪಕ್ಕೂ ನೆಲಕ್ಕೂ ನಡುವಿನ ಫೂರ್ ಕಾಲುವೆ. ಬ್ರೆಸ್ಟ್‌ನ ಉಬ್ಬರ ತುಂಬುವ ಹೊತ್ತಿಗೆ ಸುಮಾರಾಗಿ ಇಲ್ಲಿ ನೀರು ದಕ್ಷಿಣಕ್ಕೆ ತಿರುಗುತ್ತದೆ. ಕೆರ್ಮೋರ್ವಾಂ ಮತ್ತು ಸ್ಯಾಂ-ಮಾತ್ಯೂ ದೀಪಸ್ತಂಭಗಳನ್ನು ಒಂದೇ ಸಾಲಿಗೆ ತಂದುಕೊಂಡು ಇಳಿಯಬೇಕು. ಗುಣಾಂಕ 50ರ ಒಳಗಿದ್ದಾಗ ಇದು ಸಂತೋಷದ ಪಯಣ. ಗುಣಾಂಕ 100ರ ಮೇಲಿದ್ದು ಎದುರಿಂದ ನೈಋತ್ಯದ ಗಾಳಿಯಿದ್ದರೆ ಸೆಳೆತಕ್ಕೂ ಗಾಳಿಗೂ ಜಗಳ ಬಿದ್ದು ಅಲೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅಂಥ ದಿನ ಲಾಬೆರ್-ವ್ರಾಕ್‌ನಲ್ಲೇ ಉಳಿಯುವುದು ಕ್ಷೇಮ.

ಹಾಗಾಗಿ ನಾನು ಶಿಫಾರಸು ಮಾಡುವುದು ಎರಡರ ಬೆರಕೆ. ತದಿಗೆಯ ಹೊತ್ತಿಗೆ ಸ್ಯಾಂ-ಮಾಲೋ ಬಿಡಿ. ಗುಣಾಂಕ ಮೇಲಿರುವಾಗಲೇ ಪ್ಯಾಂಪೋಲ್, ಪೆರೋಸ್-ಗಿರೆಕ್ ಮುಗಿಸಿ. ಅಷ್ಟಮಿಯ ಹೊತ್ತಿಗೆ ರೋಸ್ಕಾಫ್ ಸೇರಿದರೆ ಮುಂದೆ ಗೇಟಿನ ಹಂಗಿಲ್ಲ, ಫೂರ್ ಕಾಲುವೆಯ ಸೆಳೆತವೂ ತಗ್ಗಿರುತ್ತದೆ. ನನ್ನಂತೆ ಇಂಗ್ಲೆಂಡಿನಲ್ಲಿದ್ದು ಭಾರತೀಯ ಪಾಸ್‌ಪೋರ್ಟ್ ಹಿಡಿದವರು ಷೆಂಗೆನ್ ವೀಸಾ ಮೊದಲೇ ಮಾಡಿಸಿಕೊಂಡು, ಫ್ರಾನ್ಸಿನ ಮೊದಲ ನಿಲುಗಡೆಯನ್ನು ಗಡಿ ತಪಾಸಣೆ ಇರುವ ಬಂದರಿನಲ್ಲೇ ಮಾಡಬೇಕು. ಸ್ಯಾಂ-ಮಾಲೋ ಮತ್ತು ರೋಸ್ಕಾಫ್ ಎರಡರಲ್ಲೂ ಆ ವ್ಯವಸ್ಥೆಯಿದೆ.