ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ, ಅವ್ವನ ಚಾಕುವಿನ ಹಿಡಿಕೆಗೆ

ಆಟದ ಸಾಮಾನಿನ ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟಿಗೆ ಹಚ್ಚಲು ಅಗಸೆ ಎಣ್ಣೆಯ ಸಣ್ಣ ಬಾಟಲಿ ಸಿಗುತ್ತದಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ನಾನು ತಂದಿದ್ದು ಬ್ಯಾಟಿಗಲ್ಲ, ಅವ್ವನ ಹಳೇ ಚಾಕುವಿಗೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಕೇಳಿದಾಗ ಅಲ್ಲಿಯವರು, "ಬ್ಯಾಟ್ ಯಾವ್ದರೀ ನಿಮ್ದು, ಕಾಶ್ಮೀರಿ ವಿಲ್ಲೋನೋ ಇಂಗ್ಲಿಷೋ?" ಅಂದರು (ವಿಲ್ಲೋ ಅಂದರೆ ಬ್ಯಾಟ್ ಮಾಡುವ ಮರ). ಚಾಕುವಿನ ಹಿಡಿಕೆಗೆ ಅಂದೆ. ಒಂದು ಕ್ಷಣ ನೋಡಿ, "ಆಗ್ತದ ತಗೋರಿ, ಅದೂ ಕಟಗೀನs ಅಲ್ಲೇನ್ರೀ" ಅಂತ ಕೊಟ್ಟರು. 100 ರೂಪಾಯಿ ಒಳಗೇ ಬಂತು.

ಚಾಕು ನಮ್ಮ ಮನೆಗೆ ಬಂದು 30 ವರ್ಷದ ಮೇಲಾಗಿದೆ. ಹಿಡಿಕೆ ಬೀಟೆ ಮರದ್ದು, ಹಿತ್ತಾಳೆಯ ಮೂರು ಮೊಳೆ. ಮೊದಲು ಕಡು ಕಂದು ಬಣ್ಣ ಇತ್ತಂತೆ. ನಾನು ಬುದ್ಧಿ ಬಂದಾಗಿನಿಂದ ನೋಡಿದ್ದು ಬೂದಿ ಬಣ್ಣದ, ಮುಟ್ಟಿದರೆ ತರಿತರಿ ಅನ್ನುವ ಹಿಡಿಕೆ. ದಿನಾ ಪಾತ್ರೆ ಸೋಪು, ಸಿಂಕಿನಲ್ಲಿ ನೆನೆಯೋದು, ಆಮೇಲೆ ಕಿಟಕಿಯ ಬಿಸಿಲಿಗೆ ಒಣಗೋದು. ಮರದೊಳಗಿನ ಎಣ್ಣೆಯೆಲ್ಲ ಹೋಗಿ ಮೇಲಿನ ನಾರು ಒಣಗಿ ಎದ್ದು ನಿಲ್ಲುತ್ತದೆ, ಬಿಸಿಲು ಅದನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಆದರೆ ಇದೆಲ್ಲ ಮೇಲ್ಮೈಯಲ್ಲಿ ಮಾತ್ರ. ಒಳಗೆ ಬಣ್ಣ ಹಾಗೇ ಇರುತ್ತದೆ. ನಿಮಗೆ ಅನುಮಾನ ಇದ್ದರೆ ಹಿಡಿಕೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ, ಆ ಕಡೆ ಎಷ್ಟು ಕಪ್ಪಾಗುತ್ತದೋ ಎಣ್ಣೆ ಕುಡಿದ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣ ಬರುತ್ತದೆ.

ಹಿಂದೆ ಒಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಎರಡು ದಿನ ಚೆಂದ ಹೊಳೆಯಿತು, ಆಮೇಲೆ ಧೂಳು ಅಂಟಿ ಕಮಟು ವಾಸನೆ ಶುರುವಾಯಿತು. ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಒಣಗೋದಿಲ್ಲ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಮರದೊಳಗೇ ಗಟ್ಟಿಯಾಗುತ್ತದೆ. ಬ್ಯಾಟಿಗೂ ಇದನ್ನೇ ಹಚ್ಚೋದು ಅದಕ್ಕೇ. ವಾರ್ನಿಷ್ ಬೇಡ ಅನ್ನಿಸಿತು, ಯಾಕೆಂದರೆ ಅದು ಮೇಲೆ ಪೊರೆಯಾಗಿ ಕೂರುತ್ತದೆ, ಒಂದು ಕಡೆ ಎದ್ದರೆ ಸಾಕು, ನೀರು ಒಳಗೆ ನುಗ್ಗುತ್ತದೆ.

ಕೆಲಸಕ್ಕೆ ಮೊದಲು ಅಲಗಿಗೆ ಪೇಪರ್ ಸುತ್ತಿ ಟೇಪ್ ಹಾಕಿ. ಇದನ್ನು ಮರೀಬೇಡಿ, ತಿಕ್ಕುವಾಗ ಕೈ ಜಾರೋದು ಖಂಡಿತ. ಹಿಡಿಕೆ ತೊಳೆದು ಎರಡು ದಿನ ನೆರಳಲ್ಲಿ ಒಣಗಿಸಿದೆ. ಆಮೇಲೆ ಪೇಂಟ್ ಅಂಗಡಿಯ ಸ್ಯಾಂಡ್‌ಪೇಪರ್, ಮೊದಲು ತರಿಯಾದ 120 ನಂಬರ್, ನಂತರ 220, ಕೊನೆಗೆ ನುಣುಪಾದ 400. ಯಾವಾಗಲೂ ಮರದ ಗೆರೆ ಹೋದ ಕಡೆಗೇ ತಿಕ್ಕಬೇಕು. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ನಾರು ಮತ್ತೆ ಏಳುತ್ತದೆ, ಒಣಗಿದ ಮೇಲೆ ಅದನ್ನು 400ರಲ್ಲಿ ತೆಗೆದರೆ ಹಿಡಿಕೆ ಹುಣಸೆ ಬೀಜದ ಹಾಗೆ ನುಣುಪಾಗುತ್ತದೆ. ಬೀಟೆಯ ಪುಡಿ ಕೆಲವರಿಗೆ ಮೂಗು, ಚರ್ಮಕ್ಕೆ ಆಗೋದಿಲ್ಲ, ಮಾಸ್ಕ್ ಹಾಕಿಕೊಳ್ಳಿ.

ಮೊದಲ ಸಲ ನಾನು ಎಣ್ಣೆಯನ್ನು ಧಾರಾಳವಾಗಿ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಲಸಿನ ಮೇಣದ ಹಾಗೆ ಅಂಟು. ಟರ್ಪಂಟೈನ್ ಬಟ್ಟೆಯಲ್ಲಿ ಒರೆಸಿ ಮತ್ತೆ ತಿಕ್ಕಬೇಕಾಯಿತು. ಸರಿಯಾದ ರೀತಿ ಅಂದರೆ ಹಳೇ ಬನಿಯನ್ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, 20 ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನು ಪೂರ್ತಿ ಒರೆಸಿಬಿಡೋದು. ಎರಡು ದಿನ ಬಿಟ್ಟು ಇನ್ನೊಂದು ಸಲ, ಮತ್ತೆ ಎರಡು ದಿನ ಬಿಟ್ಟು ಮೂರನೇ ಸಲ. ಪೂರ್ತಿ ಗಟ್ಟಿಯಾಗಲು ವಾರದ ಮೇಲೇ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಚಾಕುವಿಗೆ ನೀರು ಸೋಕಿಸಬೇಡಿ.

ಬಾಟಲಿಯ ಮೇಲೆ ನನಗೆ ನಿಜವಾಗಿ ಸಿಟ್ಟಿರೋದು ಒಂದೇ ವಿಷಯಕ್ಕೆ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಗೆ ಹೋಗದೆ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಲೇಬಲ್ ಮೇಲೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ಬ್ಯಾಟಿಗೆ ಎಣ್ಣೆ ಹಚ್ಚೋರಲ್ಲಿ ಮಕ್ಕಳೂ ಇರ್ತಾರೆ, ಅಲ್ವಾ? ಬಟ್ಟೆಯನ್ನು ಬಿಡಿಸಿ ಹೊರಗೆ ಹಗ್ಗದ ಮೇಲೆ ಹರವಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಬಾಟಲಿಯ ಮುಚ್ಚಳವೂ ಸಡಿಲ, ನಿಲ್ಲಿಸಿಯೇ ಇಡಬೇಕು.

ಕೊಳ್ಳುವಾಗ ಹಸಿ ('ರಾ') ಅಗಸೆ ಎಣ್ಣೆ ಅಂತ ನೋಡಿ ತೆಗೆದುಕೊಳ್ಳಿ. ಪೇಂಟ್ ಅಂಗಡಿಯಲ್ಲಿ ಸಿಗುವ 'ಬಾಯ್ಲ್ಡ್' ಡಬ್ಬಿ ಬೇಗ ಒಣಗುತ್ತದೆ ನಿಜ, ಆದರೆ ಅದರಲ್ಲಿ ಸಾಮಾನ್ಯವಾಗಿ ಬೇಗ ಒಣಗಿಸಲು ಲೋಹದ ಅಂಶ ಸೇರಿಸಿರುತ್ತಾರೆ, ಅಡುಗೆಮನೆಯ ಸಾಮಾನಿಗೆ ನಾನಂತೂ ಹಚ್ಚೋದಿಲ್ಲ. ನಿಮ್ಮೂರಲ್ಲಿ ಗಾಣದಲ್ಲಿ ತೆಗೆದ ಅಗಸೆ ಎಣ್ಣೆ ಸಿಕ್ಕರೆ ಅದೂ ಆಗುತ್ತದೆ. ಪ್ಲಾಸ್ಟಿಕ್ ಹಿಡಿಕೆಗೆ ಇದರಿಂದ ಏನೂ ಉಪಯೋಗ ಇಲ್ಲ. ಬಿರುಕನ್ನೂ ಇದು ಮುಚ್ಚೋದಿಲ್ಲ. ನಮ್ಮ ಚಾಕುವಿನ ನಡುವಿನ ಮೊಳೆಯ ಪಕ್ಕ ಇದ್ದ ಸಣ್ಣ ಸೀಳು ಹಾಗೇ ಇದೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಆ ಲೇಬಲ್ಲಿಗೆ. ಬಣ್ಣದ ವಿಷಯಕ್ಕೆ ಬಂದರೆ ಪೂರ್ತಿ ಐದು. ಕಂದು ಮರದಲ್ಲಿ ಕಪ್ಪು ಗೆರೆಗಳು ಎದ್ದು ಕಾಣುತ್ತಿವೆ. ಅವ್ವ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಚಾಕುನs ಏನೋ?" ಅಂದಳು. ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಎಣ್ಣೆ ಇದೆ, ನಿನ್ನೆ ಸಂಜೆ ಅಟ್ಟದ ಮೇಲಿದ್ದ ಈಳಿಗೆ ಮಣೆಯನ್ನೂ ಇಳಿಸಿ ನನ್ನ ಮುಂದೆ ಇಟ್ಟಿದ್ದಾಳೆ.